ಮುಂಬಯಿಯನ್ನೇ ಗೇಣಿಗೆ ಹಿಡಿದ ವೈದ್ಯ



ಮುಂಬಯಿಗೆ ಬಂದ ಕನ್ನಡಿಗನಿಗೆ ಮೊದಲು ಎದುರಾಗುವ ಚಿಂತೆ ಯಾವುದು? ಕೆಲಸ ಹೇಗೋ ಸಿಗುತ್ತದೆ. ಊಟಕ್ಕೆ ನಮ್ಮವರದೇ ಹೋಟೆಲುಗಳಿವೆ. ಆದರೆ ತಲೆಯ ಮೇಲೊಂದು ಸೂರು? ಡಿಪಾಸಿಟ್ಟು, ದಲಾಲಿ, ಹನ್ನೊಂದು ತಿಂಗಳ ಕರಾರು! ಹತ್ತಡಿ ಜಾಗಕ್ಕೂ ಪರದಾಡಬೇಕಾದ ಈ ಊರಿನಲ್ಲಿ, ಒಂದಾನೊಂದು ಕಾಲದಲ್ಲಿ ಒಬ್ಬ ವೈದ್ಯ ಇಡೀ ಮುಂಬಯಿ ದ್ವೀಪವನ್ನೇ ಗೇಣಿಗೆ ಹಿಡಿದಿದ್ದ ಎಂದರೆ ನಂಬುತ್ತೀರಾ?

ನಂಬಲೇಬೇಕು. ಅವನ ಹೆಸರು ಗಾರ್ಸಿಯಾ ದ ಓರ್ತಾ. ಬಿ.ಎ.ಯಲ್ಲಿ ಕನ್ನಡ ಓದಿದ ನನಗೆ ಯುರೋಪಿನ ಇತಿಹಾಸವೆಂದರೆ ರಾಜರ ಹೆಸರು, ಇಸವಿಗಳ ಪಟ್ಟಿ, ಅಷ್ಟೇ ಆಗಿತ್ತು. ಆದರೆ ಈ ಒಬ್ಬನ ಬದುಕನ್ನು ಹಿಡಿದು ಹೊರಟರೆ ಆ ಕಾಲದ ಸಮುದ್ರಯಾನ, ಅರಸೊತ್ತಿಗೆ, ಧರ್ಮ, ವಿಚಾರ ಎಲ್ಲವೂ ನಮ್ಮ ಫೋರ್ಟಿನ ಸುತ್ತಮುತ್ತಲೇ ಸಿಗುತ್ತವೆ.

ಮೊದಲು ಸಮುದ್ರಯಾನದ ಮಾತು. 1498ರಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆಯ ಬಳಿ ಬಂದಿಳಿದ. ಪೋರ್ಚುಗೀಸರಿಗೆ ಬೇಕಾಗಿದ್ದದ್ದು ಮುಖ್ಯವಾಗಿ ಕರಿಮೆಣಸು. ಆ ವ್ಯಾಪಾರದ ಹಕ್ಕನ್ನು ಅವರ ಅರಸ ತನ್ನ ಕೈಯಲ್ಲೇ ಇಟ್ಟುಕೊಂಡಿದ್ದ. ಹೊಸ ನಾಡುಗಳಲ್ಲಿ ಚರ್ಚುಗಳನ್ನು ಕಟ್ಟಿಸುವ, ಪಾದ್ರಿಗಳನ್ನು ಕಳಿಸುವ ಅಧಿಕಾರವನ್ನೂ ಪೋಪರು ಅವನಿಗೇ ಕೊಟ್ಟಿದ್ದರು. ಹಾಗಾಗಿ ಹಡಗಿನಲ್ಲಿ ವ್ಯಾಪಾರಿ, ಸಿಪಾಯಿ, ಪಾದ್ರಿ ಒಟ್ಟಿಗೇ ಬಂದರು. 1510ರಲ್ಲಿ ಅಲ್ಬುಕರ್ಕ್ ಬಿಜಾಪುರದ ಸುಲ್ತಾನನಿಂದ ಗೋವೆಯನ್ನು ಕಸಿದುಕೊಂಡ. ಅವನಿಗೆ ನೆರವಾದವನು ನಮ್ಮ ಹೊನ್ನಾವರದ ಕಡೆಯ ತಿಮ್ಮಯ್ಯ. ಪೋರ್ಚುಗೀಸರ ಬರಹಗಳಲ್ಲಿ ಅವನೇ ತಿಮೋಜ.

ಓರ್ತಾ ಗೋವೆಗೆ ಬಂದದ್ದು 1534ರಲ್ಲಿ, ಒಬ್ಬ ನೌಕಾಪತಿಯ ವೈದ್ಯನಾಗಿ. ಅದೇ ವರ್ಷ ಡಿಸೆಂಬರಿನಲ್ಲಿ, ಹುಮಾಯೂನನ ಭಯದಲ್ಲಿದ್ದ ಗುಜರಾತಿನ ಬಹಾದೂರ್ ಶಾಹ ಪೋರ್ಚುಗೀಸರೊಡನೆ ಒಪ್ಪಂದ ಮಾಡಿಕೊಂಡು ವಸಯಿಯನ್ನೂ ಮುಂಬಯಿಯ ದ್ವೀಪಗಳನ್ನೂ ಅವರಿಗೆ ಒಪ್ಪಿಸಿದ. ಮುಂದೆ 1550ರ ಸುಮಾರಿಗೆ ಈಗಿನ ಫೋರ್ಟ್ ಇರುವ ಮುಂಬಯಿ ದ್ವೀಪವು ಪೋರ್ಚುಗಲ್ ಅರಸನ ಹೆಸರಿನಲ್ಲಿ ಓರ್ತಾನಿಗೆ ಗೇಣಿಗೆ ಸಿಕ್ಕಿತು. ಆಗ ಇಲ್ಲಿದ್ದದ್ದು ತೆಂಗು, ಗದ್ದೆ, ಮೀನುಗಾರರ ಕೇರಿಗಳು. ಅವನು ಹೆಚ್ಚಾಗಿ ಗೋವೆಯಲ್ಲೇ ವೈದ್ಯಕೀಯ ಮಾಡಿಕೊಂಡಿದ್ದ. ಅಹಮದ್‌ನಗರದ ಬುರ್ಹಾನ್ ನಿಜಾಮ್ ಶಾಹನಿಗೂ ಔಷಧ ಕೊಡುತ್ತಿದ್ದ.

ಇನ್ನು ವಿಚಾರದ ಮಾತು. ಆ ಕಾಲದ ಯುರೋಪಿನ ವೈದ್ಯರಿಗೆ ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದಿನ ಗ್ರೀಕ್ ಗ್ರಂಥಗಳೇ ವೇದವಾಕ್ಯ. ಓರ್ತಾ ಅದನ್ನು ಒಪ್ಪಲಿಲ್ಲ. ಏಲಕ್ಕಿ, ದಾಲ್ಚಿನ್ನಿ, ಹಿಂಗು, ಅಫೀಮು, ವೀಳ್ಯದೆಲೆ, ಹಲಸು, ಮಾವು ಎಲ್ಲವನ್ನೂ ತಾನೇ ಕಂಡು, ರುಚಿ ನೋಡಿ, ಇಲ್ಲಿನ ವೈದ್ಯರನ್ನೂ ಹಕೀಮರನ್ನೂ ವ್ಯಾಪಾರಿಗಳನ್ನೂ ಕೇಳಿ ಬರೆದ. ಕಾಲರಾ ರೋಗದ ಲಕ್ಷಣಗಳನ್ನು ವಿವರಿಸಿದ. ತನ್ನ ಮುಂಬಯಿ ದ್ವೀಪದಲ್ಲಿ ವರ್ಷಕ್ಕೆರಡು ಸಲ ಫಲ ಕೊಡುವ ಮಾವಿನ ಮರವಿದೆ ಎಂದು ಹೆಮ್ಮೆಪಟ್ಟ. ಗ್ರೀಕರ ವಿರುದ್ಧ ಮಾತಾಡುವ ಧೈರ್ಯ ತನಗೆ ಸ್ಪೇನಿನಲ್ಲಿ ಇರುತ್ತಿರಲಿಲ್ಲ ಎಂದೂ ಒಪ್ಪಿಕೊಂಡ.

ಈ ಪುಸ್ತಕ 1563ರಲ್ಲಿ ಗೋವೆಯಲ್ಲೇ ಅಚ್ಚಾಯಿತು. ಭಾರತಕ್ಕೆ ಅಚ್ಚುಯಂತ್ರ ಬಂದು ಆಗಿನ್ನೂ ಏಳೇ ವರ್ಷ. ಪುಸ್ತಕ ಇರುವುದು ಸಂಭಾಷಣೆಯ ರೂಪದಲ್ಲಿ, ನಮ್ಮ ರೇಡಿಯೋ ರೂಪಕದ ಹಾಗೆ! ರುವಾನೊ ಎಂಬ ಕಲ್ಪಿತ ವೈದ್ಯ ಗ್ರಂಥ ಹಿಡಿದು ಪ್ರಶ್ನೆ ಕೇಳುತ್ತಾನೆ, ಓರ್ತಾ ಅನುಭವದಿಂದ ಉತ್ತರಿಸುತ್ತಾನೆ. ನಾಲ್ಕೇ ವರ್ಷಗಳಲ್ಲಿ ಅದರ ಲ್ಯಾಟಿನ್ ಸಂಗ್ರಹ ಆಂಟ್‌ವರ್ಪ್ ನಗರದಲ್ಲಿ ಪ್ರಕಟವಾಗಿ, ಯುರೋಪಿನ ವಿದ್ವಾಂಸರ ಕೈ ಸೇರಿತು.

ಇಷ್ಟೆಲ್ಲ ಹೆಸರು ಮಾಡಿದವನಿಗೆ ಒಂದು ಗುಟ್ಟಿನ ಭಯವಿತ್ತು. ಅದು ಧರ್ಮದ್ದು. ಓರ್ತಾನ ಹಿರಿಯರು ಸ್ಪೇನಿನ ಯಹೂದಿಗಳು. 1492ರಲ್ಲಿ ಸ್ಪೇನಿನ ಅರಸ ಮತ್ತು ರಾಣಿ ಯಹೂದಿಗಳನ್ನು ಹೊರಗಟ್ಟಿದಾಗ ಪೋರ್ಚುಗಲ್‌ಗೆ ಬಂದವರು. ಅಲ್ಲಿಯೂ 1497ರಲ್ಲಿ ಯಹೂದಿಗಳೆಲ್ಲರಿಗೂ ಬಲವಂತದ ಮತಾಂತರವಾಯಿತು. ಹೀಗೆ ಸೇರಿದವರನ್ನು ‘ಹೊಸ ಕ್ರೈಸ್ತರು’ ಎಂದು ಕರೆದರು, ಆದರೆ ನಂಬಲಿಲ್ಲ. ಶನಿವಾರ ಒಲೆ ಹೊತ್ತಿಸದಿದ್ದರೆ ಸಂಶಯ, ಹಂದಿಮಾಂಸ ತಿನ್ನದಿದ್ದರೆ ಸಂಶಯ. ನೆರೆಮನೆಯವರೇ ಹೋಗಿ ದೂರು ಕೊಡಬಹುದಿತ್ತು. ವಿಚಾರಿಸಲು ಇನ್‌ಕ್ವಿಜಿಷನ್ ಎಂಬ ಧಾರ್ಮಿಕ ನ್ಯಾಯಾಲಯವಿತ್ತು. ಪೋರ್ಚುಗಲ್‌ನಲ್ಲಿ ಅದು ಆರಂಭವಾದದ್ದು 1536ರಲ್ಲಿ, ಗೋವೆಗೆ ಬಂದದ್ದು 1560ರಲ್ಲಿ. ಇಪ್ಪತ್ತಾರು ವರ್ಷಗಳ ಹಿಂದೆ ಸಮುದ್ರ ದಾಟಿ ಬಂದವನ ಬೆನ್ನಟ್ಟಿ ಆ ಭಯವೂ ಸಮುದ್ರ ದಾಟಿತು.

ವಿಚಿತ್ರ ನೋಡಿ, ಓರ್ತಾನ ಪುಸ್ತಕದ ಮುಖಪುಟದಲ್ಲಿ ಅದೇ ಇನ್‌ಕ್ವಿಜಿಷನ್ ಅಧಿಕಾರಿಯ ಒಪ್ಪಿಗೆ ಅಚ್ಚಾಗಿದೆ. ಓರ್ತಾ 1568ರಲ್ಲಿ ತೀರಿಕೊಂಡ. ಮರುವರ್ಷ, 1569ರ ಅಕ್ಟೋಬರಿನಲ್ಲಿ, ಅವನ ತಂಗಿ ಕತರೀನಾಳನ್ನು ಗುಟ್ಟಾಗಿ ಯಹೂದಿ ಧರ್ಮ ಪಾಲಿಸಿದಳೆಂದು ಗೋವೆಯಲ್ಲಿ ಜೀವಂತ ಸುಟ್ಟರು. ಬಂಧುಗಳ ಹೇಳಿಕೆಗಳಲ್ಲಿ ಓರ್ತಾನ ಹೆಸರೂ ಬಂತು. 1580ರಲ್ಲಿ ಅವನ ಮೂಳೆಗಳನ್ನು ಸಮಾಧಿಯಿಂದ ಅಗೆದು ತೆಗೆದು ಸುಟ್ಟರು. ಸತ್ತವನಿಗೂ ಶಿಕ್ಷೆ!

‘ಇದೆಲ್ಲ ಯಾರದೋ ಕತೆ, ನಮಗೇನು?’ ಎನ್ನಬೇಡಿ. ಅದೇ ಕಾಲದಲ್ಲಿ ಗೋವೆಯಲ್ಲಿ ದೇವಸ್ಥಾನಗಳು ಉರುಳಿದವು. ಹಿಂದೂಗಳ ಬಹಿರಂಗ ಪೂಜೆಗೆ ನಿಷೇಧ ಬಂತು. ಕೆಲವರು ಕುಲದೇವರ ಮೂರ್ತಿಗಳನ್ನು ಹೊತ್ತು ಫೋಂಡಾ ಕಡೆಗೆ ಹೋದರು. ಗೌಡ ಸಾರಸ್ವತರ ಎಷ್ಟೋ ಕುಟುಂಬಗಳು ದಕ್ಷಿಣಕ್ಕೆ, ಕಾರವಾರ, ಕುಮಟಾ, ಬಸ್ರೂರು, ಮಂಗಳೂರಿನ ಕಡೆಗೆ ಬಂದು ನೆಲೆಸಿದವು. ಮತಾಂತರಗೊಂಡ ಕ್ರೈಸ್ತರೂ ಸುಖವಾಗಿರಲಿಲ್ಲ. ಹಳೆಯ ಆಚಾರ ಬಿಡಲಿಲ್ಲವೆಂದು ಅವರ ಮೇಲೂ ಕಣ್ಣಿತ್ತು. ವಿಚಾರಣೆಯ ಭಯ, ಬರಗಾಲ, ಯುದ್ಧಗಳಿಂದಾಗಿ ಅವರಲ್ಲೂ ಅನೇಕರು ಕನ್ನಡ ಕರಾವಳಿಗೆ ಬಂದರು. ಇಂದು ವಡಾಲದ ರಾಮಮಂದಿರಕ್ಕೆ ಹೋಗುವ ಕೇಳುಗರಿಗೂ, ಭಾನುವಾರ ಪೂಜೆಗೆ ಹೋಗುವ ಮಂಗಳೂರಿನ ಕ್ರೈಸ್ತ ಕೇಳುಗರಿಗೂ ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ. ಅದರ ಹಿಂದೆ ಈ ವಲಸೆಯಿದೆ. ಒಂದೇ ಭಯ ಓರ್ತಾನ ಮನೆಯನ್ನೂ ಕಾಡಿತ್ತು, ನಮ್ಮಲ್ಲನೇಕರ ಹಿರಿಯರ ಮನೆಗಳನ್ನೂ ಕಾಡಿತ್ತು.

ಆಮೇಲೆ ಮುಂಬಯಿ ಏನಾಯಿತು? 1661ರಲ್ಲಿ ಪೋರ್ಚುಗಲ್‌ನ ರಾಜಕುಮಾರಿ ಕ್ಯಾಥರೀನ್‌ಳಿಗೂ ಇಂಗ್ಲೆಂಡಿನ ಎರಡನೇ ಚಾರ್ಲ್ಸ್‌ಗೂ ಮದುವೆ ನಿಶ್ಚಯವಾದಾಗ ಈ ದ್ವೀಪ ವರದಕ್ಷಿಣೆಗೆ ಸೇರಿತು. ಅದು ಇಂಗ್ಲಿಷರ ಕೈಗೆ ಬಂದದ್ದು 1665ರಲ್ಲಿ. ಚಾರ್ಲ್ಸ್ 1668ರಲ್ಲಿ ಅದನ್ನು ಈಸ್ಟ್ ಇಂಡಿಯಾ ಕಂಪೆನಿಗೆ ಕೊಟ್ಟುಬಿಟ್ಟ. ಬಾಡಿಗೆ ಎಷ್ಟು ಗೊತ್ತೇ? ವರ್ಷಕ್ಕೆ 10 ಪೌಂಡು! ದ್ವೀಪದಲ್ಲಿ ಬಾಳುತ್ತಿದ್ದ ಜನರನ್ನು ಮಾತ್ರ ಯಾರೂ ಕೇಳಲಿಲ್ಲ. ಗೋವೆಯ ಇನ್‌ಕ್ವಿಜಿಷನ್ ಕೊನೆಗೂ ಮುಚ್ಚಿದ್ದು 1812ರಲ್ಲಿ.

ಓರ್ತಾನ ಹೆಸರಿನ ಉದ್ಯಾನ ಪಣಜಿಯಲ್ಲಿದೆ. ಮುಂಬಯಿಯಲ್ಲಿ ಅವನ ಮನೆಯಿದ್ದ ಜಾಗ ಫೋರ್ಟಿನ ಟೌನ್ ಹಾಲ್, ಅಂದರೆ ಏಷ್ಯಾಟಿಕ್ ಸೊಸೈಟಿ ಕಟ್ಟಡದ ಹಿಂದೆ, ಈಗ ನೌಕಾಪಡೆಯ ಆವರಣದೊಳಗೆ ಸೇರಿಹೋಗಿದೆ. ಒಳಗೆ ಬಿಡುವುದಿಲ್ಲ. ಆದರೆ ಆ ಕಡೆ ಹೋದಾಗ ಟೌನ್ ಹಾಲಿನ ಮೆಟ್ಟಿಲ ಮೇಲೆ ಎರಡು ನಿಮಿಷ ಕುಳಿತು, ಪ್ರಶ್ನೆ ಕೇಳುವುದನ್ನು ಬಿಡದ ಆ ವೈದ್ಯನನ್ನು ನೆನೆಯಿರಿ.

ನಿಮ್ಮ ಮನೆಯ ಹಿರಿಯರು ಗೋವೆಯಿಂದ ಬಂದ ಕತೆ ಹೇಳಿದ್ದರೆ ನಮಗೊಂದು ಪತ್ರ ಬರೆಯಿರಿ. ನಿಮ್ಮ ಹೆಸರಿನೊಂದಿಗೆ ಕಾರ್ಯಕ್ರಮದಲ್ಲಿ ಓದುವ ಸಂತೋಷ ನಮ್ಮದು. ಅಲ್ಲಿಯವರೆಗೆ, ಕೇಳುತ್ತಿರಿ.