ಜ್ವರ ಬಿಟ್ಟ ಮೇಲೂ ಬಿಡದ ದಣಿವು

ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಗಳಲ್ಲಿ ಕೊನೆಕೊಯ್ಲು ಬಿರುಸಾಗುವ ಹೊತ್ತಿಗೇ ಕಾಡಿನಲ್ಲಿ ಉಣುಗಿನ ಮರಿಗಳ ಕಾಟವೂ ಶುರುವಾಗುತ್ತದೆ. ನವೆಂಬರ್ ಕೊನೆಯಿಂದ ಮೇ ತನಕ ಅವು ಹರಡುವ ಮಂಗನ ಕಾಯಿಲೆಯ ಅವಧಿ. ಇಲ್ಲಿನ ಹುಲಗೋಳದಂಥ ಊರುಗಳಲ್ಲಿ ಅಡಿಕೆ ಇಳಿಸುವುದು, ಸುಲಿಯುವುದು, ಒಣಗಿಸುವುದು, ಸೊಪ್ಪಿನ ಬೆಟ್ಟದಿಂದ ಕೊಟ್ಟಿಗೆಗೆ ದರಕು (ಒಣ ಎಲೆ) ಹೊರುವುದು ಎಲ್ಲವೂ ಇದೇ ತಿಂಗಳುಗಳಲ್ಲಿ. ವರ್ಷದ ಆದಾಯ ಈ ದಿನಗಳನ್ನೇ ನೆಚ್ಚಿಕೊಂಡಿದೆ. ಜ್ವರದಿಂದ ಎದ್ದ ಇಪ್ಪತ್ತೈದರ ಹುಡುಗ ಮನೆಯಲ್ಲಿ ಸುಮ್ಮನೆ ಮಲಗಿರಲಾಗದ ಕಾಲವೂ ಇದೇ. ನನ್ನ ಆತಂಕ ಜ್ವರದ ಬಗ್ಗೆ ಮಾತ್ರವಲ್ಲ, ಅದು ಬಿಟ್ಟ ನಂತರದ ತಿಂಗಳುಗಳ ಬಗ್ಗೆ.

ಸಿದ್ದಾಪುರಕ್ಕೆ ಹೊಂದಿಕೊಂಡ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಈ ಕಾಯಿಲೆಯ ವೈರಸ್ ಪತ್ತೆಯಾದದ್ದು 1957ರಲ್ಲಿ. 2018–19ರಲ್ಲಿ ಸಾಗರದ ಅರಳಗೋಡು ಅದರಿಂದ ತತ್ತರಿಸಿತು. 2024ರಲ್ಲಿ ಸಿದ್ದಾಪುರ ತಾಲ್ಲೂಕು ಸಾವು ಕಂಡಿತು. ಹಳೆಯ ಲಸಿಕೆಯ ಬಳಕೆ 2022ರಲ್ಲಿ ನಿಂತಿದೆ. ಕಾಯಿಲೆ ಬಂದವರಲ್ಲಿ ಸಾಯುವವರು ನೂರಕ್ಕೆ ಮೂರರಿಂದ ಐದು ಮಂದಿ. ಉಳಿದವರು ‘ಗುಣಮುಖ’ರ ಲೆಕ್ಕಕ್ಕೆ ಸೇರುತ್ತಾರೆ, ಅಲ್ಲಿಗೆ ಎಲ್ಲರ ಗಮನವೂ ಮುಗಿಯುತ್ತದೆ. ಆದರೆ ಚೇತರಿಕೆ ನಿಧಾನ, ಸ್ನಾಯುನೋವು ಮತ್ತು ನಿತ್ರಾಣ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಇರುತ್ತದೆ ಎಂದು ವೈದ್ಯ ಗ್ರಂಥಗಳು ಮೊದಲಿನಿಂದಲೂ ಹೇಳುತ್ತಿವೆ. ನೂರರಲ್ಲಿ ಹತ್ತಿಪ್ಪತ್ತು ಮಂದಿಗೆ ಮೂರನೇ ವಾರದ ಸುಮಾರಿಗೆ ಜ್ವರ ಮರುಕಳಿಸಿ ತಲೆನೋವು, ನಡುಕ, ದೃಷ್ಟಿದೋಷ ಕಾಡುವುದೂ ಉಂಟು.

ಇದು ಒಂದೇ ವೈರಸ್ಸಿನ ಕಥೆಯಲ್ಲ. 2006ರಲ್ಲಿ ಚಿಕುನ್‌ಗುನ್ಯ ರಾಜ್ಯದ ಲಕ್ಷಾಂತರ ಜನರನ್ನು ಮಲಗಿಸಿದಾಗ ಗಂಟುನೋವು ವರ್ಷವಾದರೂ ಬಿಡದವರನ್ನು ಎಲ್ಲರೂ ಕಂಡಿದ್ದಾರೆ. ಮಂಗನ ಕಾಯಿಲೆಯ ವೈರಸ್ಸಿನ ಕುಟುಂಬಕ್ಕೇ ಸೇರಿದ ವೆಸ್ಟ್ ನೈಲ್ ಮತ್ತು ಡೆಂಗಿ ಜ್ವರಗಳ ನಂತರವೂ ದೀರ್ಘ ದಣಿವು ದಾಖಲಾಗಿದೆ. ಕೋವಿಡ್ ನಂತರದ ದೀರ್ಘ ತೊಂದರೆಗೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ವ್ಯಾಖ್ಯೆಯನ್ನೇ ಕೊಟ್ಟಿತು.

ಈ ವಿಷಯದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು ಆಸ್ಟ್ರೇಲಿಯಾದ ಡಬ್ಬೊ ಎಂಬ ಗ್ರಾಮೀಣ ಪಟ್ಟಣದ ಅಧ್ಯಯನ. ಮೂರು ಬಗೆಯ ಸೋಂಕು ತಗುಲಿದ 253 ಜನರನ್ನು ಅಲ್ಲಿನ ಸಂಶೋಧಕರು ಕಾಯಿಲೆಯ ಆರಂಭದಿಂದಲೇ ಗಮನಿಸುತ್ತ ಬಂದರು. ಆರು ತಿಂಗಳಾದರೂ 29 ಮಂದಿ, ಅಂದರೆ ನೂರಕ್ಕೆ ಸುಮಾರು ಹನ್ನೆರಡು ಜನ, ಕೆಲಸ ಮಾಡಲಾಗದಷ್ಟು ಬಳಲುತ್ತಿದ್ದರು. ಮೂರೂ ಬೇರೆ ಬೇರೆ ರೋಗಾಣುಗಳು, ಆದರೆ ಉಳಿದ ತೊಂದರೆ ಒಂದೇ ತೆರನಾದದ್ದು. ಯಾರಿಗೆ ಹೀಗಾಗುತ್ತದೆ ಎಂಬುದನ್ನು ತೀರ್ಮಾನಿಸಿದ್ದು ಬಹುಮಟ್ಟಿಗೆ ಮೊದಲ ಜ್ವರದ ತೀವ್ರತೆ. ರೋಗಿಯ ಮನಸ್ಸಿನ ಸ್ವಭಾವವಲ್ಲ. 2006ರಲ್ಲಿ ಪ್ರಕಟವಾದ ಈ ಮಾತು ನಮ್ಮ ಜಗಲಿಗಳಿಗೆ ಇನ್ನೂ ತಲುಪಿಲ್ಲ. “ಎದ್ಕಂಡು ನಾಕು ಕೆಲಸ ಮಾಡು ತಮಾ, ಸುಸ್ತು ತನ್ನಷ್ಟಕ್ಕೇ ಹೋಗ್ತು” ಎಂದು ಹಿರಿಯರು ಹೇಳುವುದು ಪ್ರೀತಿಯಿಂದಲೇ. ಎಷ್ಟೋ ದಣಿವಿಗೆ ಆ ಮಾತು ಸರಿಯೂ ಹೌದು. ಈ ದಣಿವಿಗೆ ಮಾತ್ರ ಅದು ಅಪಾಯಕಾರಿ.

ಯಾಕೆಂದರೆ ಇದರ ಗುರುತೇ ಬೇರೆ. ಕೆಲಸ ಮಾಡಿದ ದಿನ ಹುಡುಗ ಹೇಗೋ ನಿಭಾಯಿಸುತ್ತಾನೆ, ಮರುದಿನವೋ ಅದರಾಚೆಯ ದಿನವೋ ಹಾಸಿಗೆ ಹಿಡಿಯುತ್ತಾನೆ. ರಾತ್ರಿಯಿಡೀ ಮಲಗಿದರೂ ನಿದ್ದೆ ಮಾಡಿದಂತಾಗುವುದಿಲ್ಲ. ಓದಿದ್ದು ತಲೆಗೆ ಹೋಗುವುದಿಲ್ಲ, ನಿಂತರೆ ತಲೆ ಸುತ್ತುತ್ತದೆ. ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು ದೀರ್ಘ ಕೋವಿಡ್‌ನ 25 ರೋಗಿಗಳಿಗೆ ಸೈಕಲ್ ತುಳಿಸಿ, ಮೊದಲೂ ಆಮೇಲೂ ತೊಡೆಯ ಸ್ನಾಯುವಿನ ಚೂರು ತೆಗೆದು ನೋಡಿದರು. ಶ್ರಮದ ಮರುದಿನ ಆ ಸ್ನಾಯುವಿನಲ್ಲಿ ಹಾನಿ ಹೆಚ್ಚಿತ್ತು, ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯದ ಕಾರ್ಯ ಕುಗ್ಗಿತ್ತು. 2024ರಲ್ಲಿ ಬಂದ ಈ ವರದಿಯ ನಂತರ ಇದನ್ನು ಮೈಗಳ್ಳತನ ಎನ್ನಲು ಯಾರಿಗೂ ಆಧಾರವಿಲ್ಲ. ದೀರ್ಘ ದಣಿವಿನ ಕಾಯಿಲೆಗೆ ದಿನದಿನಕ್ಕೆ ವ್ಯಾಯಾಮ ಏರಿಸುತ್ತ ಹೋಗುವ ಹಳೆಯ ಚಿಕಿತ್ಸೆಯನ್ನು ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲೇ ತನ್ನ ಮಾರ್ಗಸೂಚಿಯಿಂದ ತೆಗೆದುಹಾಕಿತು.

ಈಗ ಅಡಿಕೆ ಕೊನೆ ಇಳಿಸುವ ಕೊನೆಗೌಡನನ್ನು ನೆನೆಯಿರಿ. ನಲವತ್ತು ಐವತ್ತು ಅಡಿ ಎತ್ತರದಲ್ಲಿ ಮರದಿಂದ ಮರಕ್ಕೆ ದಾಟುವವನು ಅವನು. ನಿಂತರೆ ಎದೆಬಡಿತ ಏರಿ ಕಣ್ಣು ಕತ್ತಲೆ ಬರುವ ದೇಹದಲ್ಲಿ ಅಲ್ಲಿಗೆ ಏರುವುದೆಂದರೆ ತಿಂಗಳುಗಳ ನಷ್ಟದ ಪ್ರಶ್ನೆಯಷ್ಟೇ ಅಲ್ಲ, ಪ್ರಾಣದ ಪ್ರಶ್ನೆ. ಕೊನೆಗೌಡರು ಸಿಗುವುದೇ ಕಷ್ಟವಾಗಿರುವಾಗ ಸುಧಾರಿಸಿಕೊಳ್ಳುತ್ತಿರುವವನ ಮನೆಗೂ ಕರೆ ಬರುತ್ತದೆ. ಅವನಿಗೂ ದುಡ್ಡಿನ ಅಗತ್ಯ ಇರುತ್ತದೆ. ದರಕು ಗುಡಿಸುವ, ಹಗಲು ಅಡುಗೆ ಮಾಡಿ ರಾತ್ರಿ ಅಡಿಕೆ ಸುಲಿಯುವ ಹೆಂಗಸರ ದಣಿವನ್ನಂತೂ ಕೇಳುವವರೇ ಇಲ್ಲ.

ನಿಂತರೆ ಎದೆಬಡಿತ ಏರುವ ಈ ತೊಂದರೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಪತ್ತೆಹಚ್ಚಬಹುದು. ರೋಗಿಯನ್ನು ಐದು ಹತ್ತು ನಿಮಿಷ ಮಲಗಿಸಿ ನಾಡಿ, ರಕ್ತದೊತ್ತಡ ನೋಡಬೇಕು. ಆಮೇಲೆ ಹತ್ತು ನಿಮಿಷ ನಿಲ್ಲಿಸಿ ಮತ್ತೆ ನೋಡಬೇಕು. ರಕ್ತದೊತ್ತಡ ಕುಸಿಯದೆ ನಾಡಿ ನಿಮಿಷಕ್ಕೆ 30 ಅಥವಾ ಹೆಚ್ಚು ಏರಿ, ಹಾಗೇ ಉಳಿದರೆ ಅದಕ್ಕೆ ವೈದ್ಯರ ನಿಗಾ ಬೇಕು. ಹದಿಹರೆಯದವರಲ್ಲಿ ಈ ಮಿತಿ 40.

ಹಾಗೆಂದು ಪ್ರತಿಯೊಂದು ಸುಸ್ತನ್ನೂ ವೈರಸ್ಸಿನ ತಲೆಗೆ ಕಟ್ಟಬಾರದು. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ, ಕ್ಷಯ, ಖಿನ್ನತೆ ಎಲ್ಲವೂ ಇದೇ ವೇಷದಲ್ಲಿ ಬರುತ್ತವೆ. ಜ್ವರದ ನಂತರ ಹೃದಯದ ಸ್ನಾಯುವಿನ ಉರಿಯೂತವೂ ಇರಬಹುದು. ಎದೆನೋವು, ಏದುಸಿರು ಇದ್ದರೆ ಒಂದು ದಿನವೂ ಕಾಯಬೇಡಿ. ಸಸ್ಯಾಹಾರಿ ಮನೆಗಳಲ್ಲಿ ಬಿ12 ಕೊರತೆ ಸಾಮಾನ್ಯ. ದನಕರುಗಳ ನಡುವೆ ಬದುಕುವವರಲ್ಲಿ ಬ್ರುಸೆಲ್ಲೋಸಿಸ್ ಸಾಧ್ಯತೆಯನ್ನೂ ನೋಡಬೇಕು. ಇವಕ್ಕೆಲ್ಲ ಚಿಕಿತ್ಸೆಯಿದೆ. ಇವು ಯಾವುವೂ ಅಲ್ಲ ಎಂದಾದಾಗ “ರಿಪೋರ್ಟ್ ನಾರ್ಮಲ್, ಏನೂ ಇಲ್ಲ” ಎಂದು ಕಳಿಸಿಬಿಡುವುದು ತಪ್ಪು. ದೀರ್ಘ ದಣಿವಿನ ಕಾಯಿಲೆಯೆಂದು ಹೆಸರಿಡಲು ಮಾನದಂಡಕ್ಕೆ ತಕ್ಕಂತೆ ಮೂರರಿಂದ ಆರು ತಿಂಗಳು ಬೇಕು, ಆದರೆ ವಿಶ್ರಾಂತಿಗೆ ಹೆಸರು ಬರುವ ತನಕ ಕಾಯಬೇಕಿಲ್ಲ. ಮೈ ತಡೆಯುವಷ್ಟನ್ನೇ ಮಾಡಿ, ದಣಿಯುವ ಮೊದಲೇ ನಿಲ್ಲಿಸುವುದು, ಮರುದಿನ ಹೇಗಿತ್ತೆಂದು ಬರೆದಿಡುವುದು ಸದ್ಯಕ್ಕೆ ಇರುವ ಒಳ್ಳೆಯ ದಾರಿ.

ಮುಂದಿನ ಹಂಗಾಮಿಗೆ ಉಣುಗು ಕಚ್ಚದಂತೆ ಹಚ್ಚುವ ಎಣ್ಣೆ ಹಂಚುವ ಸಿದ್ಧತೆ ಮಾಡುವಾಗಲೇ ಆರೋಗ್ಯ ಇಲಾಖೆ ಇನ್ನೊಂದು ಕೆಲಸ ಸೇರಿಸಿಕೊಳ್ಳಲಿ: ಮಂಗನ ಕಾಯಿಲೆಯಿಂದ ಎದ್ದ ಪ್ರತಿಯೊಬ್ಬರ ಮನೆಗೂ ಆಶಾ ಕಾರ್ಯಕರ್ತೆ ಒಂದು, ಮೂರು, ಆರನೇ ತಿಂಗಳಲ್ಲಿ ಹೋಗಿ ಬರಲಿ, ಆ ಕೆಲಸಕ್ಕೆ ಅವರಿಗೆ ತಕ್ಕ ಗೌರವಧನವೂ ಸಿಗಲಿ. ಸೇವಾ ಸಹಕಾರಿ ಸಂಘಗಳು ಹೀಗೆ ಮಲಗಿದವರ ಸಾಲದ ಕಂತನ್ನು ಮುಂದೂಡುವ ಮನಸ್ಸು ಮಾಡಲಿ. ತೋಟದ ಯಜಮಾನರಲ್ಲಿ ನನ್ನದೊಂದೇ ಬೇಡಿಕೆ: ಜ್ವರ ಬಿಟ್ಟು ತಿಂಗಳಾಗಿದ್ದರೂ ದಣಿವು ಬಿಡದವನನ್ನು ಮರ ಹತ್ತಿಸಬೇಡಿ.