ಹಳೆಯ ಗುರಿಪಿಸ್ತೂಲಿನ ಗುರುತು ಮತ್ತು ಬೆಲೆ

ನಾಣ್ಯ, ಅಂಚೆಚೀಟಿ, ಗಡಿಯಾರ ಮುಂತಾದವುಗಳನ್ನು ಕೂಡಿಡುವವರನ್ನು ನಾವೆಲ್ಲರೂ ಬಲ್ಲೆವು. ಅಮೇರಿಕಾದಲ್ಲಿ ಹಳೆಯ ಗುರಿಪಿಸ್ತೂಲುಗಳನ್ನು ಸಂಗ್ರಹಿಸುವವರೂ ಬಹುಮಂದಿ ಇದ್ದಾರೆ. ಪಂದ್ಯಗಳಲ್ಲಿ ಗುರಿಹಲಗೆಗೆ ಹೊಡೆಯುವ ಸಲುವಾಗಿ ಮಾಡಿದ ಪಿಸ್ತೂಲೇ ಗುರಿಪಿಸ್ತೂಲು. ಒಂದೇ ಹೆಸರಿನ ಎರಡು ಪಿಸ್ತೂಲುಗಳ ಪೈಕಿ ಮಂಕಾಗಿ ಕಾಣುವುದಕ್ಕೆ ಹೆಚ್ಚು ಬೆಲೆಯೂ, ಥಳಥಳಿಸುವುದಕ್ಕೆ ಕಡಿಮೆ ಬೆಲೆಯೂ ಬರುವುದುಂಟು. ಇದೇಕೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯೋಣ.

ಜಾನ್ ಬ್ರೌನಿಂಗ್ ಎಂಬಾತನು ರೂಪಿಸಿದ ಪಾಯಿಂಟ್ ೨೨ ಅಳತೆಯ ಪಿಸ್ತೂಲೊಂದನ್ನು ಹಾರ್ಟ್‌ಫರ್ಡ್ ನಗರದ ಕೋಲ್ಟ್ ಕಾರ್ಖಾನೆಯು ೧೯೧೫ರಲ್ಲಿ ತಯಾರಿಸತೊಡಗಿತು. ೧೯೨೭ರಲ್ಲಿ ಅದಕ್ಕೆ ‘ವುಡ್ಸ್‌ಮನ್’ ಎಂಬ ಹೆಸರಾಯಿತು. ೧೯೭೭ರವರೆಗೆ ಅದು ಮೂರು ಸರಣಿಗಳಲ್ಲಿ ಹೊರಬಂದಿತು. ಎರಡನೆಯ ಸರಣಿಯು ೧೯೪೭ರಲ್ಲಿಯೂ ಮೂರನೆಯದು ೧೯೫೫ರಲ್ಲಿಯೂ ಮೊದಲಾದವು.

ಇವುಗಳನ್ನು ಗುರುತಿಸುವ ಬಗೆ ಹೀಗೆ: ಮೊದಲನೆಯ ಸರಣಿಯಲ್ಲಿ ತೋಟಾಪೆಟ್ಟಿಗೆಯನ್ನು ಬಿಡಿಸುವ ಕೀಲು ಹಿಡಿಯ ತಳದಲ್ಲಿದೆ. ಎರಡನೆಯದರಲ್ಲಿ ಅದು ಕುದುರೆಯ ಹಿಂದುಗಡೆ ಒತ್ತುವ ಗುಂಡಿಯಾಗಿದೆ. ಮೂರನೆಯದರಲ್ಲಿ ಮತ್ತೆ ತಳಕ್ಕೇ ಹೋಗಿದೆ. ಆದುದರಿಂದ ಒಂದೇ ಗುರುತನ್ನು ನಂಬಬಾರದು, ಕ್ರಮಸಂಖ್ಯೆಯನ್ನೂ ನೋಡತಕ್ಕದ್ದು. ೧೯೪೭ರಲ್ಲಿ ಸಂಖ್ಯೆಯನ್ನು ಒಂದರಿಂದ ಪುನಃ ಆರಂಭಿಸಿ, ಕೊನೆಗೆ ‘ಎಸ್’ ಎಂಬ ಅಕ್ಷರವನ್ನು ಸೇರಿಸಿದರು.

ಗುರುತಿಸುವಿಕೆಯು ಕೇವಲ ಕುತೂಹಲದ ಮಾತಲ್ಲ. ೧೯೩೨ಕ್ಕೆ ಮುಂಚಿನ ಪಿಸ್ತೂಲುಗಳನ್ನು ಸಾಧಾರಣ ವೇಗದ ತೋಟಾಗಳಿಗಾಗಿ ಮಾತ್ರ ಮಾಡಿದ್ದರು. ಅವುಗಳ ಹಿಡಿಯ ಹಿಂಬದಿಯ ಲೋಹದ ಮೇಲೆ ಚೌಕುಳಿ ಗೆರೆಗಳಿವೆ; ಅನಂತರದವುಗಳಲ್ಲಿ ಅಡ್ಡಗೆರೆಗಳಿವೆ. ಇದನ್ನರಿಯದೆ ಹಳೆಯದರಲ್ಲಿ ಅತಿವೇಗದ ತೋಟಾ ಬಳಸಿದರೆ ಪಿಸ್ತೂಲು ಕೆಡುವುದು, ಹೊಡೆಯುವವನಿಗೂ ಅಪಾಯ.

ಇನ್ನು ಬೆಲೆಯ ವಿಚಾರ. ೧೯೩೮ರಲ್ಲಿ ಬಂದ ‘ಮ್ಯಾಚ್ ಟಾರ್ಗೆಟ್’ ಎಂಬ ಬಗೆಯ ನಳಿಗೆಯ ಮೇಲೆ ಗುರಿವೃತ್ತದ ಮುದ್ರೆಯಿದೆ. ಆನೆಯ ಕಿವಿಯಂತೆ ಅಗಲವಾದ ಅದರ ಮರದ ಹಿಡಿಯು ಅಪರೂಪವಾದುದರಿಂದ, ಅದರ ನಕಲುಗಳೂ ಹುಟ್ಟಿಕೊಂಡಿವೆ. ಬಿಡಿಭಾಗಗಳೆಲ್ಲ ಮೂಲದವೇ, ಕಾರ್ಖಾನೆಯ ಪೆಟ್ಟಿಗೆಯೂ ಕಾಗದಪತ್ರಗಳೂ ಉಳಿದಿವೆಯೇ ಎಂದು ಬಲ್ಲವರು ವಿಚಾರಿಸುತ್ತಾರೆ. ಎಲ್ಲಕ್ಕಿಂತ ಮಿಗಿಲಾಗಿ, ಉಕ್ಕಿಗೆ ಕಾರ್ಖಾನೆಯಲ್ಲಿ ಕೊಟ್ಟ ನೀಲಿಗಪ್ಪು ಬಣ್ಣವು ನೂರಕ್ಕೆ ಎಷ್ಟರಮಟ್ಟಿಗೆ ಉಳಿದಿದೆಯೆಂದು ಅಳೆಯುತ್ತಾರೆ. ಹೊಳಪು ಬರಲೆಂದು ಉಜ್ಜಿ ಹೊಸ ಬಣ್ಣ ಕೊಟ್ಟರೆ, ಅಕ್ಷರಗಳು ಸವೆಯುತ್ತವೆ, ಚೂಪಾದ ಅಂಚುಗಳು ಮೊಂಡಾಗುತ್ತವೆ. ಬೆಲೆಯೂ ಬಹಳ ಇಳಿಯುತ್ತದೆ. ಸವೆದ ಅಕ್ಷರವನ್ನು ಮತ್ತೆ ಮೂಡಿಸಲಾಗದು.

ಪಾಲಕರಲ್ಲಿ ಒಂದು ಅರಿಕೆ. ನಮ್ಮ ದೇಶದಲ್ಲಿ ಪರವಾನಿಗೆಯಿಲ್ಲದೆ ಇಂಥ ಪಿಸ್ತೂಲನ್ನು ಇಟ್ಟುಕೊಳ್ಳುವುದು ೧೯೫೯ರ ಶಸ್ತ್ರಾಸ್ತ್ರ ಅಧಿನಿಯಮದ ಮೇರೆಗೆ ಅಪರಾಧ. ಹಿರಿಯರ ಪೆಟ್ಟಿಗೆಯಲ್ಲಿ ಅಂಥದೇನಾದರೂ ಸಿಕ್ಕಿದರೆ, ಅದರಲ್ಲಿ ತೋಟಾ ಇದೆಯೆಂದೇ ಭಾವಿಸಿ, ಮಕ್ಕಳನ್ನು ದೂರವಿರಿಸಿ, ಪೊಲೀಸ್ ಠಾಣೆಗೆ ತಿಳಿಸಬೇಕು.

ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಿ ಪಿಸ್ತೂಲು ಇರಲಾರದು. ಆದರೆ ಅಜ್ಜನ ಕಾಲದ ನಾಣ್ಯವೋ ತಾಮ್ರದ ಪಾತ್ರೆಯೋ ಇದ್ದೀತು. ಹುಣಿಸೆಹಣ್ಣು ಹಚ್ಚಿ ತಿಕ್ಕುವ ಮುನ್ನ ಅದರ ಮೇಲಿನ ಅಕ್ಷರಗಳನ್ನು ಓದಿರಿ, ಬರೆದಿಟ್ಟುಕೊಳ್ಳಿರಿ. ಹೊಳಪು ಒಂದು ದಿನದ್ದು, ಗುರುತು ತಲೆಮಾರುಗಳದ್ದು.