ಗಣಕಯಂತ್ರದ ಪ್ರಾಸೆಸರಿನಲ್ಲಿ ವೇಗ, ವೋಲ್ಟೇಜು ಮತ್ತು ಶಾಖ

ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ತಕ್ಕಡಿಗೆ ಯಾವ ಸ್ಥಾನವುಂಟೋ ಇಂದಿನ ಸಂಶೋಧನ ವಿಭಾಗಗಳಲ್ಲಿ ಮೇಜಿನ ಮೇಲಣ ಗಣಕಯಂತ್ರಕ್ಕೂ ಅದೇ ಸ್ಥಾನವುಂಟು. ತಕ್ಕಡಿಯನ್ನು ಸಮತಲದಲ್ಲಿರಿಸಿ, ಗಾಳಿ ತಾಕದಂತೆ ಗಾಜಿನ ಪೆಟ್ಟಿಗೆಯಲ್ಲಿ ಕಾಪಾಡಿ, ಆಗಿಂದಾಗ್ಗೆ ಪರೀಕ್ಷಿಸಿದ ಹೊರತು ಅದು ತೋರಿಸುವ ತೂಕವನ್ನು ಯಾರೂ ನಂಬುವುದಿಲ್ಲ. ಗಣಕಯಂತ್ರದ ವಿಷಯದಲ್ಲಾದರೋ ಇಂತಹ ಎಚ್ಚರಿಕೆ ವಿರಳ. ಅದು ಕೊಟ್ಟ ಅಂಕಿಗಳನ್ನು ಹಾಗೆಯೇ ಬರೆದುಕೊಳ್ಳುತ್ತೇವೆ. ಅದು ನಿಧಾನವೆಂದು ತೋರಿದರೆ ಅದರ ವೇಗವನ್ನು ಹೆಚ್ಚಿಸಲು ತವಕಪಡುತ್ತೇವೆ. ಯಂತ್ರದ ಹೃದಯದಂತಿರುವ ಪ್ರಾಸೆಸರಿನ ವೇಗವನ್ನು ಬದಲಾಯಿಸಲು ಇಂದು ವಿಶೇಷ ಶ್ರಮವೇನೂ ಬೇಕಿಲ್ಲ. ಪರದೆಯ ಮೇಲೆ ಎರಡು ಮೂರು ಅಂಕಿಗಳನ್ನು ತಿದ್ದಿದರೆ ಸಾಕು. ಆದರೆ ಆ ಅಂಕಿಗಳ ಹಿಂದೆ ಯಾವ ಭೌತನಿಯಮಗಳಿವೆ, ಅವನ್ನು ತಿದ್ದುವುದರಿಂದ ಬರುವ ಲಾಭವೆಷ್ಟು, ತೆರಬೇಕಾದ ಬೆಲೆಯೆಷ್ಟು ಎಂಬುದನ್ನು ತಿಳಿದು ಮಾಡುವುದು ಸಂಶೋಧಕನಿಗೆ ಅವಶ್ಯಕ. ಇದನ್ನು ವಿಶದಪಡಿಸುವುದೇ ಪ್ರಕೃತ ಲೇಖನದ ಉದ್ದೇಶ.

ಶಾಖದ ಮೂಲ

ಪ್ರಾಸೆಸರೆಂಬುದು ಸಿಲಿಕಾನಿನ ಒಂದು ಸಣ್ಣ ಬಿಲ್ಲೆ. ಅದರಲ್ಲಿ ನೂರಾರು ಕೋಟಿ ಟ್ರಾನ್ಸಿಸ್ಟರುಗಳು ಅಡಕವಾಗಿವೆ. ಪ್ರತಿಯೊಂದು ಟ್ರಾನ್ಸಿಸ್ಟರೂ ಒಂದು ಸ್ವಿಚ್ಚು. ಸ್ವಿಚ್ಚು ಒಂದು ಸ್ಥಿತಿಯಿಂದ ಮತ್ತೊಂದಕ್ಕೆ ಹೊರಳುವಾಗ ಅದಕ್ಕೂ ಅದಕ್ಕೆ ಸೇರಿದ ತಂತಿಗಳಿಗೂ ವಿದ್ಯುದಾವೇಶವನ್ನು ತುಂಬಬೇಕು, ಮರಳಿ ಬರಿದುಮಾಡಬೇಕು. ಹೀಗೆ ತುಂಬಿ ಬರಿದಾಗುವ ಪ್ರತಿಸಲವೂ ಅಲ್ಪ ಪ್ರಮಾಣದ ಶಕ್ತಿಯು ಶಾಖವಾಗಿ ಪರಿಣಮಿಸುತ್ತದೆ. ಈ ಕ್ರಿಯೆ ಸೆಕೆಂಡಿಗೆ ಎಷ್ಟು ಬಾರಿ ನಡೆಯಬೇಕೆಂಬುದನ್ನು ಪ್ರಾಸೆಸರಿನ ಕ್ಲಾಕು ಗೊತ್ತುಮಾಡುತ್ತದೆ. 5 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 500 ಕೋಟಿ ಮಿಡಿತಗಳು. ಒಟ್ಟು ವಿದ್ಯುದ್ವ್ಯಯವು ಮಂಡಲದ ಧಾರಣಶಕ್ತಿ, ವೋಲ್ಟೇಜಿನ ವರ್ಗ ಮತ್ತು ಕ್ಲಾಕಿನ ಆವೃತ್ತಿ, ಈ ಮೂರರ ಗುಣಲಬ್ಧಕ್ಕೆ ಅನುಪಾತದಲ್ಲಿರುತ್ತದೆ. ಇದರಲ್ಲಿ ವೋಲ್ಟೇಜು ಮಾತ್ರ ವರ್ಗವಾಗಿ ಬರುತ್ತದೆಯೆಂಬುದನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಮುಂದಿನ ವಿವೇಚನೆಗೆಲ್ಲ ಇದೇ ಆಧಾರ.

ಆವೃತ್ತಿಯನ್ನು ಮಾತ್ರ ಹೆಚ್ಚಿಸಿ ವೋಲ್ಟೇಜನ್ನು ಇದ್ದಂತೆಯೇ ಇರಿಸಬಾರದೇಕೆ ಎಂಬ ಪ್ರಶ್ನೆ ಸಹಜ. ವೋಲ್ಟೇಜು ಹೆಚ್ಚಾದಷ್ಟೂ ಟ್ರಾನ್ಸಿಸ್ಟರಿನಲ್ಲಿ ಹರಿಯುವ ಪ್ರವಾಹ ಪ್ರಬಲವಾಗಿ ಅದು ಬೇಗ ಹೊರಳುತ್ತದೆ. ಆವೃತ್ತಿಯನ್ನು ಏರಿಸಿ ವೋಲ್ಟೇಜನ್ನು ಏರಿಸದಿದ್ದರೆ, ಮಂಡಲದ ಅತ್ಯಂತ ನಿಧಾನವಾದ ಹಾದಿಯಲ್ಲಿ ಉತ್ತರವು ಸಿದ್ಧವಾಗುವುದಕ್ಕೆ ಮುನ್ನವೇ ಮುಂದಿನ ಮಿಡಿತ ಬಂದುಬಿಡುತ್ತದೆ. ಆಗ ಯಂತ್ರವು ಅರ್ಧ ಬೆಂದ ಉತ್ತರವನ್ನೇ ಸ್ವೀಕರಿಸಿ ಮುಂದೆ ಸಾಗುತ್ತದೆ. ಆದಕಾರಣ ವೇಗವನ್ನು ಬಯಸುವವನು ಸಾಮಾನ್ಯವಾಗಿ ವೋಲ್ಟೇಜನ್ನೂ ಏರಿಸಬೇಕಾಗುತ್ತದೆ. ಇವಲ್ಲದೆ, ಮುಚ್ಚಿರಬೇಕಾದ ಸ್ವಿಚ್ಚುಗಳಲ್ಲಿಯೂ ಸೋರುವ ಪ್ರವಾಹವೊಂದುಂಟು. ಉಷ್ಣತೆ ಏರಿದಂತೆ ಈ ಸೋರಿಕೆ ಹೆಚ್ಚುತ್ತದೆ. ಸೋರಿಕೆ ಹೆಚ್ಚಿದಂತೆ ಉಷ್ಣತೆಯೂ ಏರುತ್ತದೆ.

ಸ್ವಲ್ಪ ಚರಿತ್ರೆ

1971ರಲ್ಲಿ ಹೊರಬಂದ ಇಂಟೆಲ್ 4004 ಎಂಬ ಪ್ರಾಸೆಸರಿನಲ್ಲಿ ಸುಮಾರು 2300 ಟ್ರಾನ್ಸಿಸ್ಟರುಗಳಿದ್ದವು. ಅದರ ಕ್ಲಾಕು 740 ಕಿಲೋಹರ್ಟ್ಸ್. 1974ರಲ್ಲಿ ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್ ಮತ್ತು ಅವರ ಸಹೋದ್ಯೋಗಿಗಳು ಒಂದು ಮುಖ್ಯ ತತ್ತ್ವವನ್ನು ಪ್ರತಿಪಾದಿಸಿದರು. ಟ್ರಾನ್ಸಿಸ್ಟರಿನ ಅಳತೆಗಳನ್ನು ಕುಗ್ಗಿಸುತ್ತ ಅದೇ ಪ್ರಮಾಣದಲ್ಲಿ ವೋಲ್ಟೇಜನ್ನೂ ಕುಗ್ಗಿಸಿದರೆ, ವೇಗ ಹೆಚ್ಚಿದರೂ ಪ್ರತಿ ಚದರ ಸೆಂಟಿಮೀಟರಿನಲ್ಲಿ ಹುಟ್ಟುವ ಶಾಖವು ಹೆಚ್ಚುವುದಿಲ್ಲವೆಂಬುದೇ ಆ ತತ್ತ್ವ. ಸುಮಾರು ಮೂರು ದಶಕಗಳ ಕಾಲ ವೇಗವು ಹೀಗೆ ಸುಲಭವಾಗಿ ದೊರೆಯಿತು. ಆದರೆ ಸೋರಿಕೆಯ ಕಾರಣದಿಂದ ವೋಲ್ಟೇಜನ್ನು ಒಂದು ಮಟ್ಟಕ್ಕಿಂತ ಕೆಳಗಿಳಿಸುವುದು ಸಾಧ್ಯವಾಗಲಿಲ್ಲ. 2004ರಲ್ಲಿ ಇಂಟೆಲ್ ಸಂಸ್ಥೆಯು ತನ್ನ 4 ಗಿಗಾಹರ್ಟ್ಸಿನ ಪೆಂಟಿಯಮ್ 4 ಪ್ರಾಸೆಸರನ್ನು ಹೊರತರುವ ಯೋಜನೆಯನ್ನು ಕೈಬಿಟ್ಟಿತು. ಅಲ್ಲಿಂದ ಮುಂದೆ ಒಂದೇ ಬಿಲ್ಲೆಯಲ್ಲಿ ಹಲವು ಕೋರುಗಳನ್ನು ಜೋಡಿಸುವ ಮಾರ್ಗ ಪ್ರಾಧಾನ್ಯಕ್ಕೆ ಬಂದಿತು.

ಹಿಂದೆ ತಯಾರಕರು ವೇಗದಲ್ಲಿ ಸಾಕಷ್ಟು ಅಂತರವನ್ನು ಉಳಿಸಿ ಮಾರುತ್ತಿದ್ದುದೂ ಉಂಟು. 1998ರ ಸೆಲೆರಾನ್ 300ಎ ಎಂಬ ಅಗ್ಗದ ಪ್ರಾಸೆಸರನ್ನು ಅನೇಕರು 300 ಮೆಗಾಹರ್ಟ್ಸಿನಿಂದ 450 ಮೆಗಾಹರ್ಟ್ಸಿಗೆ ಏರಿಸಿ ಓಡಿಸುತ್ತಿದ್ದರು. ಇಂದು ಅಂತಹ ಉಳಿಕೆ ಹೆಚ್ಚಾಗಿಲ್ಲ. ಈಗಿನ ಪ್ರಾಸೆಸರು ತನ್ನ ಉಷ್ಣತೆಯನ್ನೂ ವಿದ್ಯುದ್ವ್ಯಯವನ್ನೂ ತಾನೇ ಅಳೆದುಕೊಂಡು, ಅವಕಾಶವಿದ್ದಾಗ ವೇಗವನ್ನು ಏರಿಸಿ, ಮಿತಿ ಸಮೀಪಿಸಿದಾಗ ಇಳಿಸುತ್ತದೆ. ಉದಾಹರಣೆಗೆ, 2022ರಲ್ಲಿ ಬಂದ ಕೋರ್ ಐ9-13900ಕೆ ಪ್ರಾಸೆಸರಿಗೆ ತಯಾರಕರು ನಮೂದಿಸಿರುವ ಮೂಲ ವಿದ್ಯುದ್ವ್ಯಯ 125 ವ್ಯಾಟು, ಗರಿಷ್ಠ ವೇಗದಲ್ಲಿ 253 ವ್ಯಾಟು. ಉಷ್ಣತೆಯ ಮಿತಿ 100 ಡಿಗ್ರಿ ಸೆಲ್ಸಿಯಸ್. ಅದೇ ವರ್ಷದ ಎಎಂಡಿ ರೈಜನ್ 9 7950ಎಕ್ಸ್ ಪ್ರಾಸೆಸರಿಗೆ ಈ ಮಿತಿ 95 ಡಿಗ್ರಿ. ಇಂತಿರುವಲ್ಲಿ, ಶಾಖವನ್ನು ಚೆನ್ನಾಗಿ ಹೊರಸಾಗಿಸುವುದೇ ವೇಗವನ್ನು ಪಡೆಯುವ ಮೊದಲ ಉಪಾಯವಾಗುತ್ತದೆ.

ಒಂದು ಲೆಕ್ಕ

ಪ್ರಾಸೆಸರಿನಿಂದ ಹೊರಗಿನ ಗಾಳಿಯವರೆಗೆ ಶಾಖ ಸಾಗುವ ಹಾದಿಯ ಅಡಚಣೆಯನ್ನು ಉಷ್ಣರೋಧವೆಂದು ಕರೆಯಬಹುದು. ಒಂದು ವ್ಯಾಟು ಶಾಖ ಸಾಗಲು ಎಷ್ಟು ಡಿಗ್ರಿಗಳ ಅಂತರ ಬೇಕೆಂಬುದೇ ಇದರ ಅಳತೆ. ಒಂದು ಯಂತ್ರದಲ್ಲಿ ಇದು ವ್ಯಾಟಿಗೆ 0.4 ಡಿಗ್ರಿ ಎಂದೂ, ಪ್ರಾಸೆಸರು 5 ಗಿಗಾಹರ್ಟ್ಸ್ ಆವೃತ್ತಿಯಲ್ಲಿ, 1.25 ವೋಲ್ಟಿನಲ್ಲಿ, 125 ವ್ಯಾಟುಗಳನ್ನು ವ್ಯಯಿಸುತ್ತಿದೆಯೆಂದೂ ಭಾವಿಸೋಣ. ಸೋರಿಕೆಯನ್ನು ಸದ್ಯಕ್ಕೆ ಬಿಟ್ಟುಬಿಡೋಣ. ಕೊಠಡಿಯ ಉಷ್ಣತೆ 25 ಡಿಗ್ರಿಯಾಗಿದ್ದರೆ ಪ್ರಾಸೆಸರಿನ ಉಷ್ಣತೆ 75 ಡಿಗ್ರಿಯಾಗುತ್ತದೆ. ಕಲಬುರಗಿ, ರಾಯಚೂರು ಮುಂತಾದ ಕಡೆಗಳಲ್ಲಿ ಬೇಸಗೆಯಲ್ಲಿ ಹೊರಗಿನ ಉಷ್ಣತೆ 40 ಡಿಗ್ರಿಯನ್ನು ದಾಟುವುದುಂಟು; ಅಂತಹ ಮಧ್ಯಾಹ್ನ ಕೊಠಡಿಯೊಳಗೆ 38 ಡಿಗ್ರಿಯಿದ್ದರೆ ಪ್ರಾಸೆಸರು 88 ಡಿಗ್ರಿಗೆ ಏರುತ್ತದೆ.

ಈಗ ವೇಗವನ್ನು ನೂರಕ್ಕೆ ಐದರಷ್ಟು, ಅಂದರೆ 5.25 ಗಿಗಾಹರ್ಟ್ಸಿಗೆ ಏರಿಸಿ, ಅದಕ್ಕಾಗಿ ವೋಲ್ಟೇಜನ್ನು 1.35ಕ್ಕೆ ಏರಿಸಿದೆವೆನ್ನೋಣ. ವೋಲ್ಟೇಜಿನ ಏರಿಕೆ ನೂರಕ್ಕೆ 8. ಅದರ ವರ್ಗದಿಂದ ವ್ಯಯ ಸುಮಾರು 1.17ರಷ್ಟಾಗುತ್ತದೆ, ಆವೃತ್ತಿಯ 1.05ರಿಂದ ಗುಣಿಸಿದರೆ 1.22. ಅಂದರೆ ವ್ಯಯ ಸುಮಾರು 153 ವ್ಯಾಟು. 38 ಡಿಗ್ರಿಯ ಕೊಠಡಿಯಲ್ಲಿ ಪ್ರಾಸೆಸರಿನ ಉಷ್ಣತೆ 99 ಡಿಗ್ರಿಯನ್ನು ಮುಟ್ಟುತ್ತದೆ. ಇಷ್ಟಕ್ಕೆ ದೊರೆತ ಲಾಭವೇನು? ಒಂದು ಗಂಟೆಯ ಗಣನೆ, ಎಲ್ಲವೂ ಅನುಕೂಲವಾಗಿದ್ದರೆ, 57 ನಿಮಿಷಗಳಲ್ಲಿ ಮುಗಿಯುತ್ತದೆ. ಸೋರಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಉಷ್ಣತೆ 100 ಡಿಗ್ರಿಯ ಮಿತಿಯನ್ನು ತಲುಪಿ, ಪ್ರಾಸೆಸರು ತಾನಾಗಿ ವೇಗವನ್ನು ಇಳಿಸಿಕೊಂಡು, ಆ ಮೂರು ನಿಮಿಷಗಳ ಉಳಿತಾಯವೂ ಇಲ್ಲವಾಗುವ ಸಂಭವವುಂಟು.

ವಿರುದ್ಧ ದಿಕ್ಕಿನಲ್ಲಿ ನಡೆದು ನೋಡೋಣ. ಆವೃತ್ತಿಯನ್ನು 5 ಗಿಗಾಹರ್ಟ್ಸಿನಲ್ಲಿಯೇ ಇರಿಸಿ ವೋಲ್ಟೇಜನ್ನು 1.25ರಿಂದ 1.175ಕ್ಕೆ ಇಳಿಸಿದರೆ, ವ್ಯಯ ಸುಮಾರು 110 ವ್ಯಾಟಿಗೂ ಅದೇ ಬಿಸಿ ಕೊಠಡಿಯಲ್ಲಿ ಉಷ್ಣತೆ 82 ಡಿಗ್ರಿಗೂ ಇಳಿಯುತ್ತದೆ. ಪ್ರತಿಯೊಂದು ಬಿಲ್ಲೆಯೂ ಒಂದೇ ಗುಣದ್ದಾಗಿರುವುದಿಲ್ಲವಾದ್ದರಿಂದ ತಯಾರಕರು ವೋಲ್ಟೇಜಿನಲ್ಲಿ ಸ್ವಲ್ಪ ಉಳಿಕೆಯನ್ನಿಟ್ಟೇ ಮಾರುತ್ತಾರೆ. ನಮ್ಮ ಬಿಲ್ಲೆಗೆ ಆ ಉಳಿಕೆ ಎಷ್ಟು ಅನವಶ್ಯಕವೆಂಬುದನ್ನು ಪರೀಕ್ಷೆಯಿಂದ ಕಂಡುಹಿಡಿದು ಇಳಿಸುವುದು, ವೇಗವನ್ನು ಬಲವಂತವಾಗಿ ಏರಿಸುವುದಕ್ಕಿಂತ ಅನೇಕ ವೇಳೆ ಹೆಚ್ಚು ಫಲಕಾರಿ. ತಂಪಾದ ಪ್ರಾಸೆಸರು ತನಗೆ ವಿಧಿಸಿದ ಗರಿಷ್ಠ ವೇಗದಲ್ಲಿ ಹೆಚ್ಚು ಹೊತ್ತು ನಿಲ್ಲಬಲ್ಲದು.

ಶಾಖದ ಹಾದಿ

ಉಷ್ಣರೋಧವನ್ನು ತಗ್ಗಿಸುವುದು ಮತ್ತೊಂದು ಮಾರ್ಗ. ಈ ಹಾದಿಯ ಮೊದಲ ಕಷ್ಟ ಪ್ರಾಸೆಸರಿನ ಲೋಹದ ಮುಚ್ಚಳವೂ ತಂಪುಕಾರಕದ ತಳವೂ ಕೂಡುವ ಎಡೆಯಲ್ಲಿದೆ. ಕಣ್ಣಿಗೆ ನುಣುಪಾಗಿ ಕಂಡರೂ ಎರಡು ಲೋಹಗಳ ನಡುವೆ ಸೂಕ್ಷ್ಮವಾದ ಗಾಳಿಯ ಪೊಳ್ಳುಗಳು ಉಳಿಯುತ್ತವೆ. ತಾಮ್ರದ ಉಷ್ಣವಾಹಕತೆ ಸುಮಾರು 400. ಗಾಳಿಯದು ಅದೇ ಮಾನದಲ್ಲಿ 0.026 ಮಾತ್ರ. 10 ಚದರ ಸೆಂಟಿಮೀಟರಿನ ಎಡೆಯಲ್ಲೆಲ್ಲ 0.05 ಮಿಲಿಮೀಟರು ದಪ್ಪದ ಗಾಳಿಯೇ ತುಂಬಿದ್ದರೆ 125 ವ್ಯಾಟು ಶಾಖವನ್ನು ದಾಟಿಸಲು 240 ಡಿಗ್ರಿಗಳ ಅಂತರ ಬೇಕಾಗುತ್ತಿತ್ತು. ಅದೇ ಎಡೆಯನ್ನು ವಾಹಕತೆ 5 ಇರುವ ಪೇಸ್ಟಿನಿಂದ ತುಂಬಿದರೆ ಒಂದೂಕಾಲು ಡಿಗ್ರಿ ಸಾಕು. ಆದರೆ ಪೇಸ್ಟನ್ನು ಧಾರಾಳವಾಗಿ ಮೆತ್ತಿ 0.3 ಮಿಲಿಮೀಟರು ದಪ್ಪವಾಗಿಸಿದರೆ ಏಳೂವರೆ ಡಿಗ್ರಿ ಬೇಕಾಗುತ್ತದೆ. ಪೇಸ್ಟು ಗಾಳಿಗಿಂತ ಮೇಲು, ಲೋಹಕ್ಕಿಂತ ಕೀಳು. ಆದುದರಿಂದ ಪೊಳ್ಳು ತುಂಬುವಷ್ಟು ಮಾತ್ರ ಹಚ್ಚತಕ್ಕದ್ದು. ಗ್ಯಾಲಿಯಮ್ ಬೆರೆತ ದ್ರವಲೋಹವನ್ನು ಬಳಸುವವರೂ ಉಂಟು. ಅದರ ವಾಹಕತೆ ಪೇಸ್ಟಿಗಿಂತ ಬಹಳ ಹೆಚ್ಚು. ಆದರೆ ಅದು ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ, ಮೇಲಾಗಿ ವಿದ್ಯುದ್ವಾಹಕವೂ ಹೌದು. ಅಭ್ಯಾಸವಿಲ್ಲದವರು ಅದರ ಗೋಜಿಗೆ ಹೋಗದಿರುವುದು ಲೇಸು.

ಅಲ್ಲಿಂದ ಮುಂದೆ ಶಾಖವನ್ನು ರೆಕ್ಕೆಗಳಂತಿರುವ ತೆಳುತಗಡುಗಳಿಗೆ ಮುಟ್ಟಿಸುವ ಕೆಲಸ ಶಾಖನಾಳಗಳದು. ಮುಚ್ಚಿದ ತಾಮ್ರದ ಕೊಳವೆಯಲ್ಲಿ ಅಲ್ಪಸ್ವಲ್ಪ ನೀರಿದ್ದು, ಬಿಸಿಯಾದ ತುದಿಯಲ್ಲಿ ಆವಿಯಾಗಿ, ತಂಪಾದ ತುದಿಯಲ್ಲಿ ಸಾಂದ್ರೀಕರಿಸಿ, ಕೊಳವೆಯ ಒಳಮೈಯ ಬತ್ತಿಯಂತಹ ಪದರದ ಮೂಲಕ ಹಿಂದಿರುಗುತ್ತದೆ. 1963ರಲ್ಲಿ ಲಾಸ್ ಅಲಾಮೋಸಿನ ಜಾರ್ಜ್ ಗ್ರೋವರ್ ಅಭಿವೃದ್ಧಿಪಡಿಸಿದ ಈ ಉಪಾಯ ಇಂದು ಸಾಧಾರಣ ಗಣಕಯಂತ್ರಗಳಲ್ಲಿಯೂ ಇದೆ. ದ್ರವವನ್ನು ಪಂಪಿನಿಂದ ಹರಿಸುವ ವ್ಯವಸ್ಥೆಯಾದರೂ ಶಾಖವನ್ನು ವಿಸ್ತಾರವಾದ ರೇಡಿಯೇಟರಿಗೆ ಸಾಗಿಸುತ್ತದೆಯಷ್ಟೆ. ಕೊನೆಗೆ ಶಾಖ ಸೇರಬೇಕಾದದ್ದು ಕೊಠಡಿಯ ಗಾಳಿಯನ್ನೇ. ಒಂದು ಘನಮೀಟರು ಗಾಳಿಯನ್ನು ಒಂದು ಡಿಗ್ರಿ ಬಿಸಿಮಾಡಲು ಸುಮಾರು 1200 ಜೂಲುಗಳು ಬೇಕು. ಆದುದರಿಂದ 200 ವ್ಯಾಟು ಶಾಖವನ್ನು 10 ಡಿಗ್ರಿಯ ಏರಿಕೆಯೊಳಗೆ ಹೊರಸಾಗಿಸಲು ನಿಮಿಷಕ್ಕೆ ಒಂದು ಘನಮೀಟರು ಗಾಳಿ ಪೆಟ್ಟಿಗೆಯ ಮೂಲಕ ಹಾಯಬೇಕು. ಸುಮಾರು 900 ಮೀಟರು ಎತ್ತರದ ಬೆಂಗಳೂರಿನಲ್ಲಿ ಗಾಳಿಯು ಸಮುದ್ರಮಟ್ಟದಲ್ಲಿರುವುದಕ್ಕಿಂತ ಹತ್ತರಲ್ಲೊಂದು ಪಾಲು ತೆಳುವಾದ್ದರಿಂದ ಇನ್ನೂ ಸ್ವಲ್ಪ ಹೆಚ್ಚು ಬೇಕು. ಧೂಳು ತುಂಬಿದ ಜಾಲರಿ, ಗೋಡೆಗೆ ಒತ್ತರಿಸಿಟ್ಟ ಪೆಟ್ಟಿಗೆ, ಇವು ಎಷ್ಟೇ ಬೆಲೆಬಾಳುವ ತಂಪುಕಾರಕವನ್ನೂ ನಿಷ್ಫಲಗೊಳಿಸಬಲ್ಲವು.

2022ರಲ್ಲಿ ದ್ರವ ಹೀಲಿಯಮ್ಮಿನ ನೆರವಿನಿಂದ ಒಂದು ಪ್ರಾಸೆಸರನ್ನು 9 ಗಿಗಾಹರ್ಟ್ಸಿಗೂ ಮೀರಿ ಓಡಿಸಿದ್ದುಂಟು. ಅದು ಸ್ಪರ್ಧೆಯ ಸಾಹಸ. ಕೆಲವೇ ಕ್ಷಣಗಳ ವೈಭವ. ರಾತ್ರಿಯೆಲ್ಲ ನಡೆಯಬೇಕಾದ ಗಣನೆಗೆ ಅದು ಮಾದರಿಯಾಗಲಾರದು.

ಮೌನವಾದ ತಪ್ಪು

ಮಿತಿಮೀರಿದ ಯಂತ್ರವು ನಿಂತುಹೋದರೆ ಅದು ಸಣ್ಣ ನಷ್ಟ. ನಿಲ್ಲದೆ ತಪ್ಪು ಉತ್ತರವನ್ನು ಕೊಡುವುದೇ ದೊಡ್ಡ ಅಪಾಯ. 2021ರಲ್ಲಿ ಫೇಸ್‌ಬುಕ್ ಸಂಸ್ಥೆಯ ಎಂಜಿನಿಯರುಗಳು ತಮ್ಮ ಗಣಕಗಳಲ್ಲಿ ಕಂಡ ಒಂದು ಪ್ರಸಂಗವನ್ನು ಪ್ರಕಟಿಸಿದರು. 1.1 ಎಂಬ ಸಂಖ್ಯೆಯ 53ನೆಯ ಘಾತದ ಪೂರ್ಣಾಂಕ ಭಾಗವು 156 ಆಗಬೇಕು; ಒಂದು ಪ್ರಾಸೆಸರಿನ ದೋಷಯುಕ್ತ ಕೋರು ಅದನ್ನು ಸೊನ್ನೆಯೆಂದು ಕೊಡುತ್ತಿತ್ತು. ಯಂತ್ರವು ಯಾವ ಎಚ್ಚರಿಕೆಯನ್ನೂ ನೀಡಲಿಲ್ಲ. ಇತರ ಗಣನೆಗಳು ಸರಿಯಾಗಿಯೇ ನಡೆಯುತ್ತಿದ್ದವು. ಇದು ಯಾರೂ ವೇಗವನ್ನು ತಿದ್ದದ ಯಂತ್ರದ ಕಥೆ. ಆವೃತ್ತಿಯನ್ನು ಏರಿಸಿ ಅಥವಾ ವೋಲ್ಟೇಜನ್ನು ಇಳಿಸಿ ಅಂಚಿಗೆ ಬಂದು ನಿಂತವನು ಇಂತಹ ತಪ್ಪನ್ನು ತಾನಾಗಿ ಆಹ್ವಾನಿಸುತ್ತಾನೆ. ಪ್ರೌಢಪ್ರಬಂಧದ ಕೋಷ್ಟಕವೊಂದರಲ್ಲಿ ಅಂತಹ ಸೊನ್ನೆಯೊಂದು ಸೇರಿಕೊಂಡರೆ ಅದನ್ನು ಕಂಡುಹಿಡಿಯುವವರಾರು?

ಹೆಚ್ಚಿನ ವೋಲ್ಟೇಜಿಗೆ ಇನ್ನೊಂದು ಬೆಲೆಯೂ ಉಂಟು. ಅದು ಪ್ರಾಸೆಸರಿನ ಆಯುಸ್ಸನ್ನೇ ತಿನ್ನುತ್ತದೆ. ಇಂಟೆಲ್ ಸಂಸ್ಥೆಯ 13 ಮತ್ತು 14ನೆಯ ಪೀಳಿಗೆಯ ಕೆಲವು ಮೇಜುಗಣಕದ ಪ್ರಾಸೆಸರುಗಳು ಕಾಲಕ್ರಮದಲ್ಲಿ ಅಸ್ಥಿರವಾದಾಗ, ಅವು ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜನ್ನು ಕೇಳುತ್ತಿದ್ದುದು ಒಂದು ಕಾರಣವೆಂದು ಸಂಸ್ಥೆಯೇ 2024ರಲ್ಲಿ ತಿಳಿಸಿ, ತಿದ್ದುಪಡಿಯನ್ನು ಹೊರಡಿಸಿ, ಖಾತರಿಯ ಅವಧಿಯನ್ನು ಎರಡು ವರ್ಷ ವಿಸ್ತರಿಸಿತು. ಆ ತಿದ್ದುಪಡಿ ಮುಂದಿನ ಹಾನಿಯನ್ನು ತಡೆಯಬಲ್ಲದು. ಆಗಿಹೋದ ಹಾನಿಯನ್ನು ಸರಿಪಡಿಸಲಾರದು.

ಅನುಸರಿಸತಕ್ಕ ಕ್ರಮ

ಮೇಲಿನ ವಿವೇಚನೆಯಿಂದ ಒಂದು ಕ್ರಮವು ತಾನಾಗಿ ಸಿದ್ಧವಾಗುತ್ತದೆ. ಮೊದಲು ಏನನ್ನೂ ಬದಲಾಯಿಸದೆ, ನಾವು ನಿತ್ಯ ಮಾಡುವ ಗಣನೆಯೊಂದನ್ನು ಅರ್ಧ ಗಂಟೆ ನಡೆಸಿ, ಕೊಠಡಿಯ ಉಷ್ಣತೆ, ಪ್ರಾಸೆಸರಿನ ಉಷ್ಣತೆ, ವ್ಯಯ, ಆವೃತ್ತಿ ಮತ್ತು ತಗುಲಿದ ಕಾಲವನ್ನು ಗುರುತುಮಾಡಿಕೊಳ್ಳಬೇಕು. ಎರಡನೆಯದಾಗಿ ಧೂಳನ್ನು ತೆಗೆದು, ಗಾಳಿಯ ಹಾದಿಯನ್ನು ಬಿಡಿಸಿ, ಪೇಸ್ಟು ಒಣಗಿದ್ದರೆ ಹೊಸದಾಗಿ ಹಚ್ಚಿ, ಮತ್ತೆ ಅಳೆಯಬೇಕು. ಅನೇಕ ಯಂತ್ರಗಳಲ್ಲಿ ಇಷ್ಟರಿಂದಲೇ ಬಯಸಿದ ಫಲ ದೊರೆಯುತ್ತದೆ. ಮೂರನೆಯದಾಗಿ, ಬೇಕೆನಿಸಿದರೆ, ವ್ಯಯದ ಮಿತಿಯನ್ನು ತಗ್ಗಿಸಿಯೋ ವೋಲ್ಟೇಜನ್ನು ಒಂದು ಬಾರಿಗೆ ವೋಲ್ಟಿನ ನೂರರಲ್ಲೊಂದು ಭಾಗದಷ್ಟು ಇಳಿಸಿಯೋ ನೋಡಬಹುದು. ಒಮ್ಮೆಗೆ ಒಂದನ್ನೇ ಬದಲಿಸಬೇಕು.

ಪ್ರತಿ ಹೆಜ್ಜೆಯಲ್ಲಿಯೂ ಉತ್ತರ ಮೊದಲೇ ಗೊತ್ತಿರುವ ಗಣನೆಯಿಂದ ಪರೀಕ್ಷೆ ನಡೆಯಬೇಕು. ಮರ್ಸೆನ್ ಅವಿಭಾಜ್ಯ ಸಂಖ್ಯೆಗಳ ಶೋಧಕ್ಕಾಗಿ ರಚಿಸಿದ ಪ್ರೈಮ್95 ಎಂಬ ಕ್ರಮವಿಧಿಯು ಈ ಪರೀಕ್ಷೆಗೆ ಪ್ರಸಿದ್ಧವಾದದ್ದೂ ಇದೇ ಕಾರಣದಿಂದ: ಅದು ತನ್ನ ಫಲವನ್ನು ತಿಳಿದಿರುವ ಫಲದೊಡನೆ ಹೋಲಿಸಿ ಒಂದು ತಪ್ಪಾದರೂ ಹೇಳುತ್ತದೆ. ತಪ್ಪು ಕಂಡುಬಂದರೆ ಒಂದು ಹೆಜ್ಜೆಯಲ್ಲ, ಎರಡು ಮೂರು ಹೆಜ್ಜೆ ಹಿಂದೆ ಸರಿಯಬೇಕು. ಪರೀಕ್ಷೆಯನ್ನು ಡಿಸೆಂಬರಿನ ಬೆಳಗಿನಲ್ಲಿ ಮಾಡಿ ಮುಗಿಯಿತೆಂದು ತಿಳಿಯದೆ ಏಪ್ರಿಲಿನ ಮಧ್ಯಾಹ್ನವೂ ಮಾಡಬೇಕು. ಪ್ರಕಟಣೆಗೆ ಹೋಗುವ ಅಂಕಿಗಳನ್ನು ತಯಾರಕರ ಮೂಲ ವ್ಯವಸ್ಥೆಗೆ ಮರಳಿಸಿದ ಯಂತ್ರದಲ್ಲಿ, ಸಾಧ್ಯವಾದರೆ ಬೇರೊಂದು ಯಂತ್ರದಲ್ಲಿ, ಮತ್ತೊಮ್ಮೆ ಗಣಿಸಿ ನೋಡುವುದು ಉತ್ತಮ.

ವೇಗವು ಅಪೇಕ್ಷಣೀಯವೇ, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ತಕ್ಕಡಿಯು ಬೇಗ ತೂಗುವುದಕ್ಕಿಂತ ಸರಿಯಾಗಿ ತೂಗುವುದು ಮುಖ್ಯ. ಗಣಕಯಂತ್ರದ ಪಕ್ಕದಲ್ಲಿ ಒಂದು ಉಷ್ಣತಾಮಾಪಕವನ್ನೂ ಒಂದು ಟಿಪ್ಪಣಿಪುಸ್ತಕವನ್ನೂ ಇರಿಸಿ, ಮಾಡಿದ ಪ್ರತಿಯೊಂದು ಬದಲಾವಣೆಯನ್ನೂ ದಿನಾಂಕಸಹಿತವಾಗಿ ಬರೆದಿಡುವ ಅಭ್ಯಾಸವು ನಮ್ಮ ಸಂಶೋಧನ ವಿದ್ಯಾರ್ಥಿಗಳಲ್ಲಿ ಬೆಳೆದರೆ, ಮೂರು ನಿಮಿಷಗಳ ಉಳಿತಾಯಕ್ಕಿಂತ ಮಿಗಿಲಾದ ಲಾಭವು ವಿಭಾಗಕ್ಕೆ ಲಭಿಸುವುದರಲ್ಲಿ ಸಂದೇಹವಿಲ್ಲ.